ಚಪ್ಪಲಿಗೆ ಪ್ರವೇಶವಿಲ್ಲ

ಸಿಂಧನೂರಿನ ಹೊರಗೆ, ಕಾಲುವೆ ದಾಟಿದ ಮೇಲೆ, ಭತ್ತದ ಗದ್ದೆಗಳ ನಡುವೆ ಒಂದು ರೆಸಾರ್ಟ್ ಎದ್ದಿದೆ. ಅಕ್ಕಿ ಗಿರಣಿಯಲ್ಲಿ ದುಡ್ಡು ಕಂಡವರೊಬ್ಬರು ಕಟ್ಟಿಸಿದ್ದು. ಅದಕ್ಕೊಂದು ಸಮುದ್ರ ತೀರವೂ ಇದೆ. ನಗಬೇಡಿ, ಇದೆ. ಈಜುಕೊಳದ ದಂಡೆಗೆ ಟಿಪ್ಪರುಗಟ್ಟಲೆ ಮರಳು ಸುರಿದು, ಹುಲ್ಲಿನ ಛತ್ರಿ ನೆಟ್ಟು, ಎಲ್ಲಿಂದಲೋ ತಂದ ಮುರುಕು ದೋಣಿಗೆ ನೀಲಿ ಬಣ್ಣ ಬಳಿದು ಮಗುಚಿ ಹಾಕಿ, ಅದನ್ನು ಬೀಚ್ ಎಂದು ಕರೆದಿದ್ದಾರೆ. ಗಾಳಿ ಬೀಸಿದಾಗ ಮಾತ್ರ ಗುಟ್ಟು ರಟ್ಟಾಗುತ್ತದೆ, ಪಕ್ಕದ ಗದ್ದೆಗೆ ಹೊಡೆದ ಔಷಧಿಯ ವಾಸನೆ ಮೂಗಿಗೆ ಬಡಿಯುತ್ತದೆ. ಜನ ಆ ವಾಸನೆಯಲ್ಲೇ ನಿಂತು ಕೂಲಿಂಗ್ ಗ್ಲಾಸ್ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ.

ಈ ಬೀಚಿಗೆ ಎದುರಾಗಿ ಒಂದು ರೆಸ್ಟೋರೆಂಟು, ಆ ರೆಸ್ಟೋರೆಂಟಿಗೆ ಒಂದು ಡ್ರೆಸ್ ಕೋಡ್. ಊಟ ಮಾಡುವವನ ಹೊಟ್ಟೆ ನೋಡದೆ ಅವನ ಕಾಲು ನೋಡುವ ಹೋಟೆಲನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಲಿಂಗಸುಗೂರಿನ ಬಸ್ ಸ್ಟ್ಯಾಂಡ್ ಎದುರಿನ ಖಾನಾವಳಿಯವನು ನಾನು ಹೋದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾನೆ: ರೊಟ್ಟಿಯೋ ಚಪಾತಿಯೋ. ಅದಕ್ಕಿಂತ ಹೆಚ್ಚು ಕೇಳುವ ಹಕ್ಕು ಅನ್ನ ಮಾರುವವರಿಗೆ ಇದೆ ಎಂದು ನನಗೆ ಈಗಲೂ ಅನ್ನಿಸುವುದಿಲ್ಲ.

ನಾವು ಅಲ್ಲಿಗೆ ಹೋದದ್ದು ಅಪ್ಪನ ಆಸೆಗೆ. ಅಪ್ಪ ಗುರುಗುಂಟಾ ಕಡೆಯ ಹಳ್ಳಿಗಳಲ್ಲಿ ಮಾಸ್ತರನಾಗಿ ದುಡಿದು ರಿಟೈರ್ ಆದವನು. ಮಸ್ಕಿಯಲ್ಲಿ ನನ್ನ ಜೊತೆಗೇ ಇರುತ್ತಾನೆ. ನಾನು ಲಿಂಗಸುಗೂರಿನ ಹೈಸ್ಕೂಲಿನಲ್ಲಿ ಪಾಠ ಮಾಡುತ್ತೇನೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹಿಂದಿನ ವರ್ಷ ಅಪ್ಪನ ಕಾಲಿನ ಹೆಬ್ಬೆರಳ ಬುಡದಲ್ಲಿ ಒಂದು ಹುಣ್ಣಾಯಿತು. ಸಕ್ಕರೆ ಕಾಯಿಲೆಯವರ ಹುಣ್ಣು ಎಂದರೆ ಗೊತ್ತಲ್ಲ, ಬಂದದ್ದು ಹೋಗುವುದಿಲ್ಲ. ಬೆರಳು ತೆಗೆಯಬೇಕಾಗಬಹುದು, ಬೆರಳಿಗೇ ನಿಲ್ಲದಿದ್ದರೆ ಪಾದ, ಎಂದು ಡಾಕ್ಟರು ಹೇಳಿದ್ದರು. ತಿಂಗಳುಗಟ್ಟಲೆ ಡ್ರೆಸ್ಸಿಂಗಿಗೆಂದು ಅವನನ್ನು ಸಿಂಧನೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಈ ರೆಸಾರ್ಟಿನ ದೊಡ್ಡ ಬೋರ್ಡು. ಬಿಳಿ ಬಟ್ಟೆ ಹಾಸಿದ ಮೇಜು, ಗಾಜಿನ ಲೋಟ, ಕೈವಸ್ತ್ರ ಹೂವಿನಂತೆ ಮಡಚಿಟ್ಟ ಚಿತ್ರ. ಒಂದು ದಿನ ಅಪ್ಪ ಅದನ್ನು ನೋಡುತ್ತಾ, "ಕಾಲು ಉಳೀತು ಅಂದ್ರ ಅಲ್ಲೊಂದು ಊಟ ಮಾಡೂಣಬೇ," ಅಂದ.

ಅಪ್ಪ ಜನ್ಮದಲ್ಲಿ ಏನನ್ನೂ ಕೇಳಿದವನಲ್ಲ. ಹಬ್ಬಕ್ಕೆ ಏನು ತರಲಿ ಎಂದರೆ "ಏನೂ ಬ್ಯಾಡ" ಎಂಬುದೇ ಅವನ ಉತ್ತರ. ಅಂಥವನು ಬಾಯಿಬಿಟ್ಟು ಒಂದು ಊಟ ಕೇಳಿದ. ಆಕಾಶ ಭೂಮಿ ಒಂದಾದರೂ ಆ ಮೇಜಿನ ಮುಂದೆ ಅವನನ್ನು ಕೂರಿಸಿಯೇ ತೀರುತ್ತೇನೆ ಎಂದು ಆವತ್ತೇ ಗಟ್ಟಿ ಮಾಡಿಕೊಂಡೆ. ಕಾಲು ಉಳಿಯಿತು. ಹುಣ್ಣು ಮಾಯಿತು. ಮೆತ್ತನೆಯ ರಬ್ಬರಿನ, ಹಿಂಬದಿಗೆ ಪಟ್ಟಿ ಇರುವ ಕಪ್ಪು ಚಪ್ಪಲಿ ಬರೆದುಕೊಟ್ಟ ಡಾಕ್ಟರು, ಮನೆಯೊಳಗೂ ಬರಿಗಾಲಲ್ಲಿ ಅಡ್ಡಾಡಬಾರದು, ಬೂಟಿನ ಹೆಸರೇ ಎತ್ತಬಾರದು ಎಂದು ಕಟ್ಟುನಿಟ್ಟಾಗಿ ಹೇಳಿ ಕಳಿಸಿದರು.

ಟೇಬಲ್ ಬುಕ್ ಮಾಡಿದವನು ನನ್ನ ತಮ್ಮ. ಸಿಂಧನೂರಿನಲ್ಲಿ ನೀರಾವರಿ ಇಲಾಖೆಯ ಇಂಜಿನಿಯರು. ಬುಕ್ ಮಾಡಿದ ಕೂಡಲೇ ಫೋನಿಗೆ ಒಂದು ಉದ್ದನೆಯ ಮೆಸೇಜು ಬಂತು, ಅದನ್ನು ನನಗೂ ಕಳಿಸಿದ. ಗಂಡಸರಿಗೆ ಕಾಲರ್ ಅಂಗಿ, ಫುಲ್ ಪ್ಯಾಂಟು, ಮುಚ್ಚಿದ ಬೂಟು. ಲುಂಗಿ, ಧೋತ್ರ, ಬನಿಯನ್ನು, ಚಪ್ಪಲಿಗೆ ಪ್ರವೇಶವಿಲ್ಲ. ಹೆಂಗಸರು 'ರೆಸಾರ್ಟ್ ಎಲಿಗಂಟ್' ಆಗಿ ಬರಬೇಕು. ಇದರ ಅರ್ಥ ತಿಳಿಯದೆ ಮರುದಿನ ಸ್ಟಾಫ್ ರೂಮಿನಲ್ಲಿ ಇಂಗ್ಲಿಷ್ ಮಾಸ್ತರರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ರೊಕ್ಕ ಇದ್ದಂಗ ಕಾಣಬೇಕ್ರೀ ಟೀಚರ್, ಆದ್ರ ಅದಕ್ಕ ದುಡಿದಂಗ ಕಾಣಬಾರದು," ಅಂದರು. ಇಷ್ಟು ವರ್ಷದಲ್ಲಿ ಅವರ ಬಾಯಿಂದ ನಾನು ಕೇಳಿದ ಅತಿ ಸರಿಯಾದ ಅನುವಾದ ಅದು.

ತಮ್ಮನಿಗೆ ಮಾತ್ರ ಇಂಥ ಕಾಯ್ದೆಗಳೆಂದರೆ ಬಲು ಭಕ್ತಿ. ಒಳಗಿನವರ ಕಾಯ್ದೆಯನ್ನು ಬಾಯಿಪಾಠ ಮಾಡಿದರೆ ತಾನೂ ಒಳಗಿನವನೇ ಆಗುತ್ತೇನೆ ಎಂಬ ನಂಬಿಕೆ ಅವನದು. ಶನಿವಾರ ಸಂಜೆ ಮಸ್ಕಿಗೆ ಒಂದು ಜೊತೆ ಬೂಟು ಹಿಡಿದುಕೊಂಡು ಬಂದ. ಅಪ್ಪನ ಅಳತೆಗಿಂತ ದೊಡ್ಡದು, ಒಳಗೆ ಹತ್ತಿ ತುಂಬಿದ್ದ.

"ಒಂದು ತಾಸಿನ ಮಾತು ಅಕ್ಕಾ. ಬಾಗಿಲು ದಾಟೂತನ ಹಾಕ್ಕೊಂಡ್ರ ಸಾಕು, ಟೇಬಲ್ ಕೆಳಗ ಬಿಚ್ಚಿ ಇಡ್ಲಿ."

"ಡಾಕ್ಟರು ಏನ್ ಹೇಳ್ಯಾರ ಗೊತ್ತೈತಿಲ್ಲೋ ನಿನಗ?"

"ಗೊತ್ತೈತಿ. ಆದ್ರ ರೂಲ್ಸ್ ಅಂದ್ರ ರೂಲ್ಸ್. ಅಲ್ಲಿ ನಮ್ಮ ಸಾಹೇಬ್ರೂ ಬರ್ತಾರ, ಸುಮ್ನ ಮರ್ಯಾದಿ ಹೋಗತೈತಿ."

ಆ ಬೂಟನ್ನು ಎತ್ತಿ ಅಂಗಳಕ್ಕೆ ಎಸೆದೆ. ಅದರೊಳಗಿನ ಹತ್ತಿ ಮಾತ್ರ ಬಾಗಿಲಲ್ಲೇ ಉದುರಿತು. ಅಪ್ಪ ಇಬ್ಬರ ಮುಖವನ್ನೂ ನೋಡಿ, ಟಿವಿಯ ಸದ್ದು ಸ್ವಲ್ಪ ಜಾಸ್ತಿ ಮಾಡಿ ಕೂತ.

ಭಾನುವಾರ ಮಧ್ಯಾಹ್ನ ಹೋದೆವು. ಅಪ್ಪ ಬಿಳಿ ಪ್ಯಾಂಟು, ಬಿಳಿ ಅಂಗಿ ಹಾಕಿದ್ದ. ನಾವು ಬೌದ್ಧರು, ಬುದ್ಧವಂದನೆಗೆ ಕೂರುವಾಗ ಬಿಳಿ ಉಡುತ್ತೇವೆ. ಅಪ್ಪನ ಲೆಕ್ಕಕ್ಕೆ ಈ ಊಟವೂ ಅಷ್ಟೇ ಒಳ್ಳೆಯ ದಿನ. ಹಿಂದಿನ ರಾತ್ರಿಯೇ ಅಂಗಿಗೆ ಗಂಜಿ ಹಾಕಿಸಿ ಇಸ್ತ್ರಿ ಮಾಡಿಸಿಟ್ಟಿದ್ದ. ಕಾಲಿಗೆ ಡಾಕ್ಟರ ಚಪ್ಪಲಿ, ಅದನ್ನೂ ಒದ್ದೆ ಬಟ್ಟೆಯಿಂದ ಒರೆಸಿ ಮಿಂಚಿಸಿದ್ದ. ಮದುವಣಗಿತ್ತಿಯೂ ಅಷ್ಟು ಚೊಕ್ಕಟವಾಗಿ ಸಿಂಗಾರ ಆಗುವುದಿಲ್ಲ ಎಂದು ನಾನು ಚೇಷ್ಟೆ ಮಾಡಿದೆ.

ರೆಸ್ಟೋರೆಂಟಿನ ಬಾಗಿಲಲ್ಲಿ ನಿಂತವನನ್ನು ನೋಡಿ ಮೊದಲು ನನಗೆ ನಗು ಬಂತು, ಆಮೇಲೆ ಮೈ ಉರಿಯಿತು. ಧೋತ್ರ ಉಟ್ಟು, ತಲೆಗೆ ಜರಿ ಅಂಚಿನ ಕೆಂಪು ಪಟಕಾ ಸುತ್ತಿಕೊಂಡು, ಬಂದವರಿಗೆಲ್ಲ ಬಾಗಿ ಶರಣು ಮಾಡುತ್ತಿದ್ದ. ಒಳಗೆ ತಟ್ಟೆ ಹಿಡಿದು ಓಡಾಡುತ್ತಿದ್ದವರದ್ದೂ ಅದೇ ವೇಷ. ಅಂದರೆ ಧೋತ್ರ ಉಟ್ಟರೆ ಈ ಜಾಗದಲ್ಲಿ ಬಡಿಸಬಹುದು, ಉಣ್ಣುವ ಹಾಗಿಲ್ಲ. ಹೊಲದಲ್ಲಿ ಧೋತ್ರ ಎತ್ತಿ ಕಟ್ಟಿ ಕೆಸರು ತುಳಿದವರ ಮೊಮ್ಮಕ್ಕಳೇ ಗಿರಣಿ ಕಟ್ಟಿದ್ದು, ಗಿರಣಿಯಿಂದಲೇ ಈ ರೆಸಾರ್ಟು ಆದದ್ದು. ಈಗ ಅಜ್ಜನ ಬಟ್ಟೆಯನ್ನು ಆಳಿಗೆ ತೊಡಿಸಿ ಶರಣು ಮಾಡಿಸಿಕೊಳ್ಳುತ್ತಾರೆ. ಬಾಗಿಲ ಪಕ್ಕದ ಬೋರ್ಡಿನಲ್ಲಿ ಆ ದಿನದ ವಿಶೇಷ ಬರೆದಿದ್ದರು: ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ನಮ್ಮ ಮನೆಯ ಸೋಮವಾರದ ಊಟ. ಅದನ್ನು ತಿನ್ನಲು ಬೂಟು ಬೇಕು.

ಬಾಗಿಲಲ್ಲಿ ಕಪ್ಪು ಕೋಟಿನ ಮ್ಯಾನೇಜರು ತಡೆದ. ಬೆಂಗಳೂರು ಕಡೆಯ ಮಾತು. ಅವನ ಕಣ್ಣು ಅಪ್ಪನ ಮುಖಕ್ಕೆ ಏರಲೇ ಇಲ್ಲ, ನೇರ ಕೆಳಗಿಳಿದು ಪಾದದ ಮೇಲೆ ಕೂತಿತು.

"ಸಾರಿ ಸರ್. ಚಪ್ಪಲಿ ಅಲೋ ಮಾಡಲ್ಲ. ಕ್ಲೋಸ್ಡ್ ಶೂಸ್ ಬೇಕು."

"ಇದು ಡಾಕ್ಟರು ಕೊಟ್ಟ ಚಪ್ಪಲಿ ರೀ. ಕಾಲಿಗೆ ಹುಣ್ಣಾಗಿತ್ತು, ಬೂಟು ಹಾಕೂ ಹಂಗಿಲ್ಲ," ಅಂದೆ.

"ಅರ್ಥ ಆಗುತ್ತೆ ಮೇಡಂ. ಬಟ್ ಪಾಲಿಸಿ."

ಅಷ್ಟರಲ್ಲಿ ನಮ್ಮನ್ನು ದಾಟಿಕೊಂಡು ಒಬ್ಬ ದಪ್ಪನೆಯ ಆಸಾಮಿ ಒಳಗೆ ಹೋದ. ಮೊಣಕಾಲ ಮೇಲಿನ ಚಡ್ಡಿ, ಹೂವಿನ ಅಂಗಿ, ಕಾಲಿಗೆ ತೊಗಲಿನ ಪಟ್ಟಿಯ ಜೋಡು. ಅವನ ಹತ್ತೂ ಬೆರಳು ಹೊರಗೆ ಕಾಣುತ್ತಿದ್ದವು, ಅದರಲ್ಲಿ ಒಂದರ ಉಗುರು ಕತ್ತರಿಸಿ ಎಷ್ಟು ಕಾಲವಾಗಿತ್ತೋ. ಮ್ಯಾನೇಜರು ಅವನಿಗೆ ಸೊಂಟ ಬಗ್ಗಿಸಿದ. ಅವನ ಕಾಲಿಗೆ ಪಾಲಿಸಿ ಇಲ್ಲವೇ ಎಂದು ಕೇಳಿದೆ.

"ಅದು ಡಿಸೈನರ್ ಸ್ಯಾಂಡಲ್ ಮೇಡಂ," ಅಂದ.

ಅವನ ಮುಖದಲ್ಲಿ ನಾಚಿಕೆಯ ಗುರುತೂ ಇರಲಿಲ್ಲ. ನನಗೆ ಅವನ ಮೇಲೆ ಹುಟ್ಟಿದ್ದು ಸಿಟ್ಟಲ್ಲ, ಹೇಸಿಗೆ. ಸಿಟ್ಟು ಬರಲಿಕ್ಕೆ ಎದುರಿಗಿರುವವನು ಮನುಷ್ಯನಾಗಿರಬೇಕು. ಇವನು ಯಾರೋ ಬರೆದುಕೊಟ್ಟದ್ದನ್ನು ಓದುವ ಕೋಟು. ಕಾಯ್ದೆ ಬಟ್ಟೆಗೆ ಎನ್ನುತ್ತಾರೆ, ಅಳೆಯುವುದು ಮನುಷ್ಯನನ್ನು. ಚಡ್ಡಿಯವನ ಕಾರು ಹೊರಗೆ ನಿಂತಿತ್ತು, ಅವನ ಗಿರಣಿ ಎಲ್ಲಿದೆ ಎಂದು ಮ್ಯಾನೇಜರಿಗೆ ಗೊತ್ತಿತ್ತು, ಹಾಗಾಗಿ ಅವನ ಉಗುರೂ ಡಿಸೈನರ್ ಆಗಿತ್ತು.

ನಾನು ದನಿ ಎತ್ತಲು ಬಾಯಿ ತೆರೆದೆ.

ಅಷ್ಟರಲ್ಲೇ ಅಪ್ಪ ಬಾಗಿ ಪಟ್ಟಿ ಬಿಚ್ಚಿದ. ಎರಡೂ ಚಪ್ಪಲಿಗಳನ್ನು ಒಂದರ ಮೇಲೊಂದು ಜೋಡಿಸಿ ಎಡಗಂಕುಳಲ್ಲಿ ಇಟ್ಟುಕೊಂಡ. ಗಂಜಿ ಹಾಕಿದ ಬಿಳಿ ಅಂಗಿಯ ಮೇಲೆ ಧೂಳಿನ ಗುರುತು ಮೂಡಿತು. "ಚಪ್ಪಲಿ ಬ್ಯಾಡಂದ್ರ ಬ್ಯಾಡಾತು ತಮ್ಮಾ. ತಗದೀನಿ ನೋಡು. ಇನ್ನ ಹೋಗಬೌದಲಾ?" ಅಂದ. ಏನೂ ಆಗದವನಂತೆ, ತಡವರಿಸದೆ, ದಿನಾ ಮಾಡುವ ಕೆಲಸದಷ್ಟು ಸಲೀಸಾಗಿ.

ಆ ಸಲೀಸು ಎಲ್ಲಿಂದ ಬಂತು ಎಂದು ನನಗೂ ತಮ್ಮನಿಗೂ ಗೊತ್ತಿತ್ತು. ಅಪ್ಪ ಹುಟ್ಟಿದ ಹಳ್ಳಿಯಲ್ಲಿ ನಮ್ಮವರ ಕೇರಿ ಊರ ಹೊರಗೆ, ಶಾಲೆ ಊರ ಆಚೆ ತುದಿಗೆ. ನಡುವೆ ಗೌಡರ ಓಣಿ. ಆ ಓಣಿ ಬಂದ ಕೂಡಲೇ ನಮ್ಮವರು ಚಪ್ಪಲಿ ಕಳಚಿ ಕಂಕುಳಲ್ಲಿ ಇಟ್ಟುಕೊಂಡು, ಓಣಿ ಮುಗಿದ ಮೇಲೆ ಮತ್ತೆ ಮೆಟ್ಟಬೇಕು. ಮರೆತರೆ ಏಟು. ಅಪ್ಪ ಇದನ್ನು ನಮಗೆ ಹೇಳಿದವನಲ್ಲ, ಅಜ್ಜಿ ಹೇಳಿದ್ದು. ಅಪ್ಪ ಹಾಗೆ ನಿಂತದ್ದನ್ನು ನಾನು ಕಣ್ಣಾರೆ ಕಂಡದ್ದು ಮಾತ್ರ ಇದೇ ಮೊದಲು. ಅವನ ತಲೆ ಮರೆತಿದ್ದರೂ ಕಂಕುಳು ಮರೆತಿರಲಿಲ್ಲ. ನನಗೆ ಅಳು ಬಂತು, ಅಳುವುದಕ್ಕೂ ಅಸಹ್ಯವಾಯಿತು. ತಮ್ಮ ಗೋಡೆಯ ಕಡೆ ತಿರುಗಿ ಫೋನು ನೋಡುವ ನಾಟಕ ಹೂಡಿದ.

ಮ್ಯಾನೇಜರಿಗೆ ಇದಾವುದೂ ತಿಳಿಯಲಿಲ್ಲ. ಅವನು ತುಟಿಯಂಚಲ್ಲಿ ನಕ್ಕ. "ಅಯ್ಯೋ ಇಲ್ಲ ಸರ್, ಬರಿಗಾಲಲ್ಲೂ ಅಲೋ ಇಲ್ಲ. ಬೇಕಿದ್ರೆ ಹಿಂದುಗಡೆ ಡ್ರೈವರ್‌ಗಳು ಊಟ ಮಾಡೋ ಜಾಗ ಇದೆ, ಸೇಮ್ ಫುಡ್. ಅಲ್ಲಿಗೆ ಕಳಿಸಿಕೊಡ್ತೀನಿ."

"ನಡಿ ಅಪ್ಪಾ," ತಮ್ಮ ಪಿಸುಗುಟ್ಟಿದ. "ಊಟ ಅದೇ ಇರತೈತಿ. ಎಲ್ಲಾರೂ ನೋಡಾಕತ್ಯಾರ."

"ನೋಡಲಿ! ನೀ ಬೇಕಾದ್ರ ಹೋಗಿ ಹಿಂದ ಕುಂದ್ರು. ಅಪ್ಪಾ, ಆ ಚಪ್ಪಲಿ ಕೆಳಗ ಇಡು. ಕಾಲಿಗೆ ಹಾಕ್ಕೋ. ನಡಿ, ಮನಿಗೆ ಹೋಗೂಣು. ಇವರ ಅನ್ನಕ್ಕಿಷ್ಟು ಬೆಂಕಿ ಬೀಳಲಿ," ಎಂದು ನಾನು ಕೂಗಿದೆ. ಒಳಗೆ ಚಮಚಗಳ ಸದ್ದು ನಿಂತಿತು. ಪಟಕಾದವನು ಶರಣು ಮಾಡುವ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ.

ಅಪ್ಪ ನನ್ನ ಮಾತನ್ನೂ ಕೇಳಲಿಲ್ಲ, ತಮ್ಮನದನ್ನೂ ಕೇಳಲಿಲ್ಲ. ಮ್ಯಾನೇಜರನ್ನೇ ನೋಡುತ್ತಾ ನಿಂತಿದ್ದ. ಲೆಕ್ಕ ತಪ್ಪಿದ ಹುಡುಗನಿಗೆ ಮತ್ತೊಮ್ಮೆ ಪ್ರಶ್ನೆ ಕೇಳುವ ಮಾಸ್ತರನ ದನಿಯಲ್ಲಿ ಕೇಳಿದ:

"ತಮ್ಮಾ, ನಾ ಚಪ್ಪಲಿ ಹಾಕ್ಕೊಂಡು ಒಳಗ ಹೋದೆ ಅಂತ ತಿಳಿ. ಏನ್ ಮಾಡ್ತಿ?"

"ಸರ್, ಪಾಲಿಸಿ ಪ್ರಕಾರ ನಾವು..."

"ಪಾಲಿಸಿ ಇರಲಿ. ನೀ ಏನ್ ಮಾಡ್ತಿ ಅದನ್ನ ಹೇಳು."

"ರಿಕ್ವೆಸ್ಟ್ ಮಾಡ್ತೀವಿ ಸರ್, ಹೊರಗಡೆ ಬನ್ನಿ ಅಂತ."

"ಬರಲಿಲ್ಲ ಅಂದ್ರ?"

ಮ್ಯಾನೇಜರು ಕೋಟಿನ ಗುಂಡಿ ಸರಿಮಾಡಿಕೊಂಡ. ಆ ಪ್ರಶ್ನೆಗೆ ಉತ್ತರ ಯಾರೂ ಅವನಿಗೆ ಬರೆದುಕೊಟ್ಟಿರಲಿಲ್ಲ.

"ಹೊಡೀತೀಯೇನು?" ಅಪ್ಪ ಕೇಳಿದ. ಕುಹಕವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲಿಕ್ಕೆ ಕೇಳಿದ್ದು.

"ಛೇ ಛೇ, ಏನ್ ಸರ್ ನೀವು! ಹೊಡೆಯೋದೆಲ್ಲ ಯಾಕೆ ಸರ್?" ಮ್ಯಾನೇಜರು ಒಂದು ಹೆಜ್ಜೆ ಹಿಂದೆ ಸರಿದ.

ಅಪ್ಪ ಬಾಗಿಲ ಬಳಿಯ ಮೆತ್ತನೆಯ ಸೋಫಾದ ಮೇಲೆ ಕೂತ. ಕಂಕುಳಿನಿಂದ ಚಪ್ಪಲಿ ತೆಗೆದು ಕೆಳಗಿಟ್ಟು, ಹುಣ್ಣು ಮಾಯ್ದ ಕಾಲನ್ನು ಮೊದಲು, ಇನ್ನೊಂದನ್ನು ಆಮೇಲೆ ತೂರಿಸಿ, ನಿಧಾನವಾಗಿ ಪಟ್ಟಿ ಬಿಗಿದ. ಅಂಗಿಯ ಮೇಲಿನ ಧೂಳನ್ನು ಕೈಯಿಂದ ಎರಡು ಸಲ ಕೊಡವಿದ. ನನ್ನ ಭುಜ ಹಿಡಿದು ಎದ್ದು, ಆ ಬಿಳಿ ಮೇಜುಗಳ ಕಡೆ ನಡೆಯತೊಡಗಿದ. ಮ್ಯಾನೇಜರು ಪಕ್ಕಕ್ಕೆ ಸರಿದು ನಿಂತ. ನಾವಿಬ್ಬರೂ ಇನ್ನೂ ಹೊಸ್ತಿಲ ಈಚೆಗೇ ನಿಂತಿರುವುದನ್ನು ಕಂಡು ಅಪ್ಪ ತಿರುಗಿ, ಒಳಗಿನಿಂದಲೇ ಕೈ ಮಾಡಿ ಕರೆದ.

"ಬರ್ರೀ. ಹೊಡ್ಯಂಗಿಲ್ಲಂತ."