ನಿಮ್ಮನೆ ಅನ್ಕೊಳಮ್ಮ

ನಾನೂ ನನ್ನ ಗಂಡನೂ ಯಾವ ಅವಸರವೂ ಇಲ್ಲದೆ ಕಾರಿನಲ್ಲಿ ಕೋಲಾರದ ಕಡೆ ಸುತ್ತುತ್ತಿದ್ದಾಗ, ಕ್ಯಾಸಂಬಳ್ಳಿಯಲ್ಲಿ ಒಬ್ಬ ಹೆಂಗಸು ನಡೆಸುತ್ತಿದ್ದ ಹೋಂಸ್ಟೇಯಲ್ಲಿ ಉಳಿದೆವು. ರಾತ್ರಿ ಹಾಸಿಗೆ, ಬೆಳಗ್ಗೆ ತಿಂಡಿ, ಇಷ್ಟೇ ಮಾತಾಗಿತ್ತು. ಕಾಲಿಗೆ ನೀರು ಕೊಡುತ್ತಲೇ ಆಕೆ, "ಇದು ನಿಮ್ಮನೆ ಅನ್ಕೊಳಮ್ಮ" ಅಂದರು. ಈ ಮಾತನ್ನು ಎಲ್ಲರೂ ಆಡುತ್ತಾರೆ. ಆಕೆ ಮಾತ್ರ ಅದನ್ನು ನಿಜವೆಂದೇ ನಂಬಿದ್ದರು.

ಬೆಳಗ್ಗೆ ಕಾಫಿ ಸಿಗಬಹುದೇನೋ ಎಂದು ಅಡುಗೆಮನೆಗೆ ಇಣುಕಿದೆ. ಆಕೆ ಸೆರಗಿಗೆ ಕೈ ಒರೆಸಿಕೊಂಡು ದೋಸೆಯ ಸೌಟನ್ನು ನನ್ನ ಕೈಗಿಟ್ಟರು.

"ಕಾವಲಿ ಕಾದೈತೆ, ನೋಡ್ಕೊ. ಡೇರಿಗೆ ಹಾಲಾಕಿ ಬತ್ತೀನಿ."

ಕ್ಯಾನು ಹಿಡಿದು ಹೊರಟೇಬಿಟ್ಟರು. ಡೇರಿಯಲ್ಲಿ ಹಾಲಿನ ಜೊತೆ ಊರ ಸುದ್ದಿಯನ್ನೂ ಅಳೆದು ಕೊಡಬೇಕಿತ್ತೆಂದು ಕಾಣುತ್ತದೆ, ಬೇಗ ಬರಲಿಲ್ಲ. ಅಷ್ಟರಲ್ಲಿ ಹೊಸ ಅತಿಥಿಗಳ ಕಾರು ಬಂದು ನಿಂತಿತು. ನನ್ನ ಗಂಡ ಚೊಂಬು ಹಿಡಿದು ಅವರ ಕಾಲಿಗೆ ನೀರು ಕೊಟ್ಟರು. ನಾನು ದೋಸೆ ಬಡಿಸುತ್ತಾ, "ನಿಮ್ಮನೆ ಅನ್ಕೊಳ್ಳಿ" ಅಂದೆ. ಪಾಪ, ಮನೆ ನಮ್ಮದೇ ಅಂದುಕೊಂಡರು.

ಕೊನೆಗೂ ಆಕೆ ಬಂದು, ನಾನು ಹುಯ್ದ ದೋಸೆಯನ್ನು ಮುರಿದು ನೋಡಿ, "ದಪ್ಪ ಆಗೈತೆ. ಇರ್ಲಿ ಬಿಡು, ಕಲ್ತ್ಕೊಂತೀಯ" ಅಂದರು.

ಮಧ್ಯಾಹ್ನ ಬೇತಮಂಗಲಕ್ಕೆ ಹೊರಟು ಕಾರಿನಲ್ಲಿ ಕೂತೆವು. ಆಕೆ ಗೇಟಿನವರೆಗೂ ಓಡೋಡಿ ಬಂದರು. ಬೀಳ್ಕೊಡಲು ಬಂದರೆಂದು ನನಗೂ ಕಣ್ಣು ತುಂಬಿತು. ಗಾಜು ಇಳಿಸಿದೆ.

"ಓಗೋದೇನೋ ಓಗ್ತೀಯ, ನಾಳೀಕೆ ಅಕ್ಕಿ ನೆನೆಯಾಕಿದ್ಯೇನಮ್ಮ?"

ಗಂಡ ನನ್ನ ಮುಖ ನೋಡಿ ಎಂಜಿನ್ ಆರಿಸಿದರು.

"ಎಷ್ಟು ಪಾವು?" ಎನ್ನುತ್ತಾ ನಾನು ಇಳಿದೆ.