ಡೆಫಿನೆಟ್ಲಿ ಬರ್ತೇನೆ ಅಂದವರು

ಪುತ್ತೂರಿನ ದರ್ಬೆಯಲ್ಲಿ ಒಂದು ಮೊಬೈಲ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಉಂಟು. ನಲವತ್ತು ದಾಟಿದ ಮೇಲೆ ನಾನು ಅಲ್ಲಿ ಸೇರಿದ್ದು ನನ್ನ ಗಂಡನ ಹಟಕ್ಕೆ. ಅವರು ದುಬೈಯಲ್ಲಿ ಸೂಪರ್ ಮಾರ್ಕೆಟ್ ಒಂದರಲ್ಲಿ ಕೆಲಸಕ್ಕಿದ್ದರು. ಅಲ್ಲಿನ ಬಾಳು ಸಾಕು, ಇನ್ನು ಊರಲ್ಲೇ ಇರುದು, ಶಾಲೆ ಮಕ್ಕಳ ಬ್ಯಾಗು, ಕೊಡೆಯ ಅಂಗಡಿ ಹಾಕುದು, ಕೌಂಟರ್‌ನಲ್ಲಿ ನಾನು ಕೂರುದು ಅಂತ ಅವರ ಯೋಚನೆ. "ಬ್ಯಾಗ್ ಕಂಪೆನಿಯವರು ಬಂದ್ರೆ ಇಂಗ್ಲಿಷಲ್ಲಿ ಮಾತಾಡ್ಬೇಕಲ್ಲ ಮಾರಾಯ್ತಿ" ಅಂದರು. ಪುತ್ತೂರಲ್ಲಿ ಕೊಡೆ ಮಾರ್ಲಿಕ್ಕೆ ಎಂತದ್ದು ಇಂಗ್ಲಿಷು? ತುಳು ಬಂದರೆ ಧಾರಾಳ ಸಾಕು. ಆದರೂ ಹೋದೆ. ಸುಳ್ಳು ಯಾಕೆ ಹೇಳಲಿ, ನನಗೂ ಆಸೆ ಇತ್ತು.

ಟೀಚರ್ ಮಂಡೆಕೋಲು ಕಡೆಯ ಹುಡುಗಿ. ನನಗೊಬ್ಬಳು ಮಗಳು ಹುಟ್ಟಿದ್ದರೆ ಅಷ್ಟೇ ವಯಸ್ಸು ಇರುತ್ತಿತ್ತು. ಒಂದು ದಿನ ಬೋರ್ಡಿನ ಮೇಲೆ ಡೆಫಿನೆಟ್ಲಿ ಅಂತ ಬರೆದು, ಅದರ ಕೆಳಗೆ ಪ್ರಾಬಬ್ಲಿ, ಅದರ ಕೆಳಗೆ ಪರ್ಹ್ಯಾಪ್ಸ್ ಬರೆದಳು. ಮಾತು ಎಷ್ಟು ಗಟ್ಟಿ ಅಂತ ತೋರಿಸುವ ಶಬ್ದಗಳು ಇವು, ಕೆಳಗೆ ಇಳಿದ ಹಾಗೆ ನಂಬಿಕೆ ಕಮ್ಮಿ ಅಂದಳು. ಪರ್ಹ್ಯಾಪ್ಸ್ ನನಗೆ ಕೂಡಲೇ ಅರ್ಥವಾಯಿತು. ಮದುವೆಗೆ ಕರೆದಾಗ ನಮ್ಮ ಊರಿನವರು "ನೋಡುವ" ಅಂತಾರಲ್ಲ, ಅದೇ. ಅಂಥವರಿಗೆ ಎಲೆ ಹಾಕಬೇಕೆಂದಿಲ್ಲ.

ಕಷ್ಟವಾದದ್ದು ಮೇಲಿನ ಶಬ್ದ. "ನಾಳೆ ಕ್ಲಾಸಿಗೆ ಬರ್ತೀರಾ?" ಅಂತ ಇಂಗ್ಲಿಷಿನಲ್ಲಿ ಕೇಳಿದಳು. ನಾನು, "ಇನ್ಶಾ ಅಲ್ಲಾಹ್, ಐ ವಿಲ್ ಕಮ್" ಅಂದೆ.

"ಅಕ್ಕ, ಡೆಫಿನೆಟ್ಲಿ ಹಾಕಿ."

"ಹಾಗೆ ಹೇಳುವ ಕ್ರಮ ಇಲ್ಲ ಟೀಚರ್. ದೇವರು ಮನಸ್ಸು ಮಾಡಿದ್ರೆ ಅಂತ ಸೇರಿಸದೆ ನಾವು ನಾಳೆಯ ಮಾತು ಆಡುದಿಲ್ಲ. ನೀವು ಮನೆಯಿಂದ ಹೊರಡುವಾಗ ಅಜ್ಜಿ ಹತ್ರ ಹೋಗ್ತೇನೆ ಅಂತೀರಾ?"

ಅವಳಿಗೆ ನಗು ಬಂತು. "ಹಾಗೆ ಅಂದ್ರೆ ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ ಬೈತಾರೆ. ಬರ್ತೇನೆ ಅನ್ಬೇಕು."

"ಮತ್ತೆ?" ಅಂದೆ. ಆದರೂ ಬಿಡಲಿಲ್ಲ ಅವಳು, ಹೇಳಿಸಿಯೇ ಬಿಟ್ಟಳು. ಇನ್ಶಾ ಅಲ್ಲಾಹ್ ಅಂತ ಮನಸ್ಸಿನಲ್ಲಿ ಅಂದುಕೊಂಡು, ಬಾಯಲ್ಲಿ ಡೆಫಿನೆಟ್ಲಿ ಅಂದೆ.

ಸಂಜೆ ದುಬೈಯಿಂದ ಇವರ ಫೋನ್ ಬಂದಾಗ ಇದನ್ನೆಲ್ಲ ಹೇಳಿದೆ. ನನ್ನ ಪಾಠ ಕೇಳುದೆಂದರೆ ಇವರಿಗೆ ಭಾರೀ ಖುಷಿ. ಇಷ್ಟು ವರ್ಷ ನಮ್ಮ ಫೋನ್ ಅಂದರೆ ಊಟ ಆಯ್ತಾ, ಅಲ್ಲಿ ಸೆಕೆ ಉಂಟಾ, ಉಮ್ಮನ ಮಂಡಿನೋವು ಹೇಗುಂಟು, ಅಷ್ಟೇ. ಇಂಗ್ಲಿಷ್ ಶುರುವಾದ ಮೇಲೆ ನಾವು ಹೊಸದಾಗಿ ಮದುವೆಯಾದವರ ಹಾಗೆ ಹರಟುತ್ತಿದ್ದೆವು. ನಾನು ತಪ್ಪು ಹೇಳುದು, ಅವರು ನಗುದು, ನಾನು ಸಿಟ್ಟು ಮಾಡುದು. ಆ ಸಿಟ್ಟು ಎಷ್ಟು ಚಂದದ್ದಾಗಿತ್ತು ಅಂತ ಈಗ ಗೊತ್ತಾಗುತ್ತದೆ.

ಆ ದಿನ ಫೋನನ್ನು ಸ್ಪೀಕರಿಗೆ ಹಾಕಿದ್ದೆ. ಇವರ ತಾಯಿ, ನನ್ನ ಮಾಮಿ, ಪಕ್ಕದಲ್ಲೇ ಕಾಲು ನೀಡಿ ಕೂತು ಎಲೆಅಡಿಕೆ ಹಾಕುತ್ತಿದ್ದರು.

"ನನಗೂ ಆ ಶಬ್ದ ಉಪಯೋಗಕ್ಕೆ ಉಂಟು" ಅಂದರು ಇವರು. "ರಾಜೀನಾಮೆ ಕೊಟ್ಟಾಯ್ತು. ಐ ವಿಲ್ ಡೆಫಿನೆಟ್ಲಿ ಕಮ್. ರಂಜಾನ್ ನೋಂಬಿನ ಮೊದಲು ಮನೆಯಲ್ಲಿ ಇರ್ತೇನೆ. ಇನ್ನು ವಾಪಸ್ ಇಲ್ಲ."

ನಾನು ಎಂತ ಹೇಳಿದೆನೋ ನೆನಪಿಲ್ಲ. ಅತ್ತೆನೋ ನಕ್ಕೆನೋ. ಮಾಮಿ ನನ್ನ ಕೈ ಅಲುಗಿಸಿ, "ಅದೆಂತ ಶಬ್ದ?" ಅಂತ ಕೇಳಿದರು. ಖಂಡಿತ ಅಂತ ಅರ್ಥ ಮಾಮಿ, ಖಂಡಿತ ಬರ್ತಾರಂತೆ ಅಂದೆ. ಅವರ ಮುಖ ಅರಳಿತು, ಹಾಗೇ ಗಂಭೀರವೂ ಆಯಿತು. ಫೋನಿನ ಹತ್ತಿರ ಬಾಗಿ, "ಇನ್ಶಾ ಅಲ್ಲಾಹ್ ಹೇಳು ಮಗಾ" ಅಂದರು.

"ಇಂಗ್ಲಿಷ್ ಪಾಠ ನಡೀತಾ ಉಂಟು ಉಮ್ಮಾ, ಟೀಚರ್ ಮಾರ್ಕ್ ಕಟ್ ಮಾಡ್ತಾರೆ" ಅಂತ ಇವರು ನಕ್ಕರು.

"ತಮಾಷೆ ಸಾಕು. ಹೇಳು."

ಅಷ್ಟರಲ್ಲಿ ಲೈನ್ ಹೋಯಿತು. ನಮ್ಮ ಓಣಿಯಲ್ಲಿ ನೆಟ್‌ವರ್ಕ್ ಅಂದರೆ ಅಷ್ಟಕ್ಕಷ್ಟೇ. ನಾಳೆ ಮಾತಾಡುವ ಅಂತ ಮೆಸೇಜ್ ಬಂತು.

ಮರುದಿನ ಮಧ್ಯಾಹ್ನ ಫೋನ್ ಮಾಡಿದ್ದು ಅವರ ರೂಮಿನಲ್ಲಿ ಜೊತೆಗಿದ್ದ ಕಾಸರಗೋಡಿನವ. ಮಲಯಾಳದಲ್ಲಿ ಮಾತಾಡಿದ, ಮೊದಲು ಮನೆಯಲ್ಲಿ ಗಂಡಸರು ಯಾರಿದ್ದಾರೆ ಅಂತ ಕೇಳಿದ. ಸುದ್ದಿ ಒಳ್ಳೆಯದಲ್ಲ ಅಂತ ಅಷ್ಟರಲ್ಲೇ ಗೊತ್ತಾಯಿತು. ಬೆಳಿಗ್ಗೆ ನಮಾಜಿಗೆ ಎಬ್ಬಿಸಲು ಹೋದರೆ ಎದ್ದಿರಲಿಲ್ಲವಂತೆ. ಹಾರ್ಟ್ ಅಟ್ಯಾಕ್. ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು.

ಮನೆ ತುಂಬ ಜನ ಬಂದರು. ನಾನು ಅತ್ತೆ. ಬಾಯಿ ಒಣಗುವವರೆಗೆ ಅತ್ತೆ. ಫೋನಿನ ವಿಷಯ ಎಲ್ಲರ ಕಿವಿಗೂ ಬಿತ್ತು, ದುಃಖದಲ್ಲಿ ಮಾಮಿಯೇ ಹೇಳಿಕೊಂಡು ಅತ್ತಿದ್ದರು. ಕಡಬದಿಂದ ಬಂದ ಇವರ ಅಪ್ಪನ ತಂಗಿ ನನ್ನ ಬೆನ್ನ ಹಿಂದೆಯೇ ಶುರು ಮಾಡಿದರು. "ಅಲ್ಲಾಹನ ಹೆಸರು ಬಿಟ್ಟು ನಾಳೆಯ ಮಾತು ಆಡಿದ್ರೆ ಹೀಗೆಯೇ. ಆ ಇಂಗ್ಲಿಷ್ ಕಲಿಯದಿದ್ರೆ ಎಂತ ಆಗ್ತಿತ್ತು ಇವಳಿಗೆ?"

ಎಲುಬಿಲ್ಲದ ನಾಲಿಗೆ, ಹೇಗೂ ತಿರುಗುತ್ತದೆ. ಸಾವಿನ ಮನೆಯಲ್ಲಿ ಬಾಯಿ ಮಾಡಬಾರದು ಅಂತ ನನಗೂ ಗೊತ್ತು. ಆದರೆ ತಡೆಯಲಿಕ್ಕೆ ಆಗಲಿಲ್ಲ. "ಹುಟ್ಟಿಸಿದವನು ಎಂತ ಇಂಗ್ಲಿಷ್ ಟೀಚರಾ, ಒಂದು ಶಬ್ದ ಬಿಟ್ಟುಹೋಯ್ತು ಅಂತ ಮಾರ್ಕ್ ಕಟ್ ಮಾಡ್ಲಿಕ್ಕೆ? ಅವರ ಆಯುಸ್ಸು ಅಷ್ಟೇ ಇತ್ತು" ಅಂದೆ. ಅವರು ಸೆರಗು ಮುಖಕ್ಕೆ ಒತ್ತಿಕೊಂಡರು. ಮಾಮಿ ಮಾತ್ರ ಗೋಡೆ ನೋಡುತ್ತಾ ಕೂತಿದ್ದರು. ನಾದಿನಿಯ ಮಾತು ಅವರಿಗೆ ನಾಟಿತ್ತು. ನನ್ನ ಸಿಟ್ಟಿನಿಂದ ಅದನ್ನು ಕೀಳಲಿಕ್ಕಾಗಲಿಲ್ಲ.

ಎರಡು ದಿನ ಕಳೆದು ಇವರ ದುಬೈ ಕಂಪೆನಿಯಿಂದ ಫೋನ್ ಬಂತು. ಮೈದುನ ಮಸೀದಿಗೆ ಹೋಗಿದ್ದ, ನಾನೇ ತೆಗೆದೆ. ಆ ಕಡೆಯವನಿಗೆ ಇಂಗ್ಲಿಷ್ ಬಿಟ್ಟು ಬೇರೆ ಬರುತ್ತಿರಲಿಲ್ಲ. ಕಾಗದಪತ್ರ ಎಲ್ಲ ಆಗಿದೆ, ನಾಳೆ ಬೆಳಗಿನ ವಿಮಾನಕ್ಕೆ ಮಂಗಳೂರಿಗೆ ಬಾಡಿ ಡೆಫಿನೆಟ್ಲಿ ತಲುಪುತ್ತದೆ ಅಂದ. ಒಂದು ಶಬ್ದವೂ ಅರ್ಥವಾಗದೆ ಹೋಗಲಿಲ್ಲ. ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಥ್ಯಾಂಕ್ಯೂ ಸರ್ ಅಂತಲೂ ಅಂದೆ. ಕಲಿತದ್ದು ಮೊದಲು ಉಪಯೋಗಕ್ಕೆ ಬಂದದ್ದು ಹೀಗೆ.

ನಾಳೆ ಬೆಳಿಗ್ಗೆ ಅಂತೆ ಅಂತ ಮಾಮಿಗೆ ತಿಳಿಸಿದೆ. ಅವರು ತಲೆ ಆಡಿಸಿದರು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅವರು ನನ್ನ ಕಡೆ ತಿರುಗಿದರು.

"ಆವತ್ತು ಲೈನ್ ಹೋಯ್ತಲ್ಲ," ಅಂದರು, "ಆಮೇಲೆ ಅವನು ಇನ್ಶಾ ಅಲ್ಲಾಹ್ ಹೇಳಿರ್ಬಹುದಾ? ಒಬ್ಬನೇ ಇರುವಾಗ?"

ನನಗೆ ಹೇಗೆ ಗೊತ್ತು? ಹೇಳಿರಬಹುದು. ನಗುತ್ತಾ ಮರೆತೂ ಇರಬಹುದು. ಗೊತ್ತಿಲ್ಲ ಅನ್ನಬೇಕಿತ್ತು. ಆದರೆ ಆ ಮುದುಕಿಯ ಮುಖ ನೋಡಿಕೊಂಡು ಹಾಗೆ ಅನ್ನಲು ನನ್ನಿಂದ ಆಗಲಿಲ್ಲ.

"ಖಂಡಿತ ಹೇಳಿದ್ದಾರೆ ಮಾಮಿ. ಲೈನ್ ಹೋಗುವ ಮೊದಲೇ ಹೇಳಿದ್ರು. ನಿಮಗೆ ಕೇಳಿಸ್ಲಿಲ್ಲ, ನನಗೆ ಕೇಳಿಸಿತ್ತು."

ಅವರು ನನ್ನನ್ನೇ ನೋಡಿದರು. ಮಗನ ಮುಖದಲ್ಲಿ ಸುಳ್ಳು ಹಿಡಿದು ಅಭ್ಯಾಸವಾದ ಕಣ್ಣು ಅದು. ನಾನು ತಲೆ ತಗ್ಗಿಸಿದೆ. ಅವರು ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

"ಸುಳ್ಳಾದ್ರೂ ಅಡ್ಡಿಲ್ಲ ಮಗಳೇ," ಅಂದರು. "ಇನ್ನೊಮ್ಮೆ ಹೇಳು."