ಇಸ್ತ್ರಿ ಅಕ್ಕನ ಕಿರುಬೆರಳು

ಪರದೇಶದಲ್ಲಿ ಜೀವಮಾನವೆಲ್ಲ ದುಡಿದವರೂ ವೀಸಾ ಮುಗಿದ ದಿನ ಹೊರಗಿನವರೇ. ಇಸ್ತ್ರಿ ಅಕ್ಕ ಇರುವಲ್ಲಂತೂ ವೀಸಾ ಹೋದರೆ ಪಿಂಚಣಿಯೂ ಹೋಯಿತು.

ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಿ ಹಾಕಿ ಬೆರಳಿನ ಗೆರೆಗಳನ್ನೇ ಸವೆಸಿಕೊಂಡು ನಿವೃತ್ತರಾದವರು. ವೀಸಾ ನವೀಕರಣಕ್ಕೆ ಬೆರಳಚ್ಚು ಬೇಕೇ ಬೇಕು. ಹೋದ ಸಲ ಯಂತ್ರ ಒಪ್ಪಲಿಲ್ಲ, ಇದು ಕೊನೆಯ ಅವಕಾಶ. ಸವೆದ ಗೆರೆಗಳು ಮರಳಲೆಂದು ಗಂಡ ತಿಂಗಳಿಡೀ ತಾವೇ ಪಾತ್ರೆ ತೊಳೆದು, ಅಕ್ಕನ ಬೆರಳಿಗೆ ಎಣ್ಣೆ ಹಚ್ಚಿ ಕೂರಿಸಿದ್ದರು.

ಆ ಬೆಳಿಗ್ಗೆ ಅಕ್ಕ ಮಾಡಿದ್ದೇನು? ಬಿಸಿ ಆವಿಯಲ್ಲಿ ಕೈಯಿಟ್ಟು ಗಂಡನ ಅಂಗಿಗೆ ಇಸ್ತ್ರಿ ಹಾಕಿದರು!

"ಅಯ್ಯೋ, ವೀಸಾ ಬೇಕಿರೋದು ಅಂಗಿಗಾ ನಿಂಗಾ?"

"ಸುಮ್ನಿರ್ರೀ, ಮುದುಡಿದ ಅಂಗೀಲಿ ನನ್ನ ಪಕ್ಕ ನಿಲ್ತೀರಾ?"

ಕಚೇರಿಯಲ್ಲಿ ಹೆಬ್ಬೆರಳಿಗೆ ಕೆಂಪು ದೀಪ. ತೋರುಬೆರಳಿಗೂ ಕೆಂಪೇ. ಗುಮಾಸ್ತೆ ಮುಂದಿನವರನ್ನು ಕರೆಯಲು ಬಾಯಿ ತೆರೆದಳು.

"ತಾಳಮ್ಮ, ಕಿರುಬೆರಳು ನೋಡು," ಎಂದರು ಅಕ್ಕ. "ಇಸ್ತ್ರಿ ಹಾಕುವಾಗ ಇದನ್ನ ಎತ್ತೇ ಹಿಡೀತಿದ್ದೆ. ಜೊತೆಯವರು ಮಹಾರಾಣಿ ಅಂತ ಆಡ್ಕೋತಿದ್ರು."

ಹಸಿರು! ಸಾಲಿನಲ್ಲಿದ್ದವರೆಲ್ಲ ಹೋ ಎಂದು ಚಪ್ಪಾಳೆ ತಟ್ಟಿದರು. ಗಂಡ ಕುಣಿದ ಕುಣಿತಕ್ಕೆ ಅಂಗಿಯ ಇಸ್ತ್ರಿಯೆಲ್ಲ ಹಾಳು.

ಇದನ್ನು ಬರೆಯುವ ನನಗೂ ಕುಣಿಯುವಷ್ಟು ಖುಷಿ, ಆದರೆ ಸಿಟ್ಟೂ ಬರುತ್ತಿದೆ. ಆ ಬೆರಳೂ ಸವೆದಿದ್ದರೆ? ಅಕ್ಕನ ಹಾಸಿಗೆ ಬಟ್ಟೆಯ ಮೇಲೆ ಮಲಗಿ ಗುಣವಾದ ಒಬ್ಬರಾದರೂ ಅಲ್ಲಿ ಸಾಕ್ಷಿಗೆ ನಿಂತಿರಲಿಲ್ಲ.

ನಿಮಗಾಗಿ ದುಡಿದು ಮುಪ್ಪಾದ ಪರದೇಶಿಯೊಬ್ಬರು ನಿಮ್ಮೂರಲ್ಲೂ ಇದ್ದಾರೆ. ನಾಳೆ ಅವರ ಜೊತೆ ಆ ಸಾಲಿನಲ್ಲಿ ನಿಲ್ಲಿ. ಯಂತ್ರ ಒಲ್ಲೆ ಅಂದರೆ, "ಇವರು ಯಾರೆಂದು ನನಗೆ ಗೊತ್ತು" ಎಂದು ಬರೆದು ರುಜು ಹಾಕಿ.